‘ತಂಗಾಳಿ’ ಅನ್ನೋ ಪದ ಎಲ್ಲಿಂದ ಬೀಸ್ತು?

ಪದದ ಬೆನ್ನು ಹತ್ತಿ | ಭಾಗ 1/10
ಒಂದು ಸಣ್ಣ ಪ್ರಶ್ನೆ

ಸಂಜೆ ಟೆರೇಸ್ ಮೇಲೆ ಹೋಗಿ ನಿಂತ್ರೆ ಮುಖಕ್ಕೆ ಬಂದು ತಾಗುತ್ತಲ್ಲ, ಅದಕ್ಕೆ ಕನ್ನಡದಲ್ಲಿ ಏನಂತೀವಿ? ತಂಗಾಳಿ. ಎಲ್ಲರಿಗೂ ಗೊತ್ತು. ನಮ್ಮ ಸಿನಿಮಾ ಹಾಡುಗಳಲ್ಲಿ ಕೋಗಿಲೆ, ಬೆಳದಿಂಗಳು, ತಂಗಾಳಿ ಮೂರೂ ಕಾಯಂ ನೌಕರರು. ಸ್ಟೋರಿಗೆ ಸೂರ್ಯಾಸ್ತದ ಫೋಟೋ ಹಾಕೋರು ಕೆಳಗೆ ‘ತಂಗಾಳಿ’ ಅಂತ ಬರೆದೇ ಬರೀತಾರೆ.

ಆದ್ರೆ ಆ ಪದವನ್ನ ಬಿಡಿಸಿ ನೋಡಿದೀರಾ? ತಂ + ಗಾಳಿ. ಗಾಳಿ ಸರಿ, ಈ ‘ತಂ’ ಏನು? ತಂಗಿಗೂ ಇದಕ್ಕೂ ಸಂಬಂಧ ಇದೆಯಾ? ತಂಗುದಾಣದ ‘ತಂಗು’ ಇದೇನಾ? ನಿನ್ನೆ ಉಳಿದ ತಂಗಳನ್ನಕ್ಕೂ ಇವತ್ತಿನ ತಂಗಾಳಿಗೂ ಏನಾದ್ರೂ ನಂಟು ಇರಬಹುದಾ?

ಮೂರರಲ್ಲಿ ಒಂದು ಮಾತ್ರ ನಿಜ. ಯಾವುದು ಅಂತ ಮುಂದಿನ ಪೋಸ್ಟ್ ನೋಡೋ ಮೊದಲು ಮನಸ್ಸಲ್ಲೇ ಊಹಿಸಿ ಇಟ್ಕೊಳ್ಳಿ.

ಬಿಕಾಂ ಓದೋನಿಗೆ ಪದಗಳ ಉಸಾಬರಿ ಯಾಕೆ ಅಂತ ಕ್ಲಾಸ್‌ನಲ್ಲಿ ಕೇಳೋರಿದಾರೆ. ನನ್ನ ಉತ್ತರ ಸಿಂಪಲ್. ಪ್ರತಿ ಪದವೂ ಒಂದು ಹಳೇ ಲೆಕ್ಕದ ಪುಸ್ತಕ. ನಮ್ಮ ಹಿರಿಯರಿಗೆ ಯಾವುದು ಲಾಭ, ಯಾವುದು ನಷ್ಟ, ಯಾವುದಿಲ್ಲದೆ ಬದುಕೋಕೆ ಆಗ್ತಿರಲಿಲ್ಲ ಅನ್ನೋದೆಲ್ಲ ಅದರಲ್ಲಿ ಜಮೆ ಆಗಿರುತ್ತೆ. ತಂಗಾಳಿಯ ಪುಸ್ತಕ ತೆಗೆದರೆ ಪಂಪ ಸಿಗ್ತಾನೆ, ಹಾವು ಸಿಗುತ್ತೆ, ಸ್ಪೇನಿನ ಹಡಗು ಸಿಗುತ್ತೆ. ಕೊನೇ ಪುಟದಲ್ಲಿ ನಮ್ಮ ಕರೆಂಟ್ ಬಿಲ್ಲೂ ಸಿಗುತ್ತೆ. ಬನ್ನಿ.

ಪದದ ಬೆನ್ನು ಹತ್ತಿ | ಭಾಗ 2/10
ಬಿಡಿಸಿದರೆ ಏನು ಬರುತ್ತೆ?

ತಣ್ + ಗಾಳಿ = ತಂಗಾಳಿ.

‘ತಣ್’ ಅಂದ್ರೆ ತಂಪು. ತಣ್ಣಗೆ, ತಣ್ಣನೆ, ತಣ್ಣೀರು ಎಲ್ಲದರ ತಲೆಯಲ್ಲೂ ಕೂತಿರೋದು ಇದೇ. ‘ಣ್’ ಆದಮೇಲೆ ‘ಗ’ ಬಂದಾಗ ನಾಲಿಗೆಗೆ ಎರಡು ಕಡೆ ಓಡೋದು ಕಷ್ಟ. ಹಾಗಾಗಿ ‘ಣ್’ ತನ್ನ ಜಾಗ ಬಿಟ್ಟು ‘ಗ’ ಹುಟ್ಟೋ ಜಾಗಕ್ಕೆ ಸರಿಯುತ್ತೆ. ಬರೆಯುವಾಗ ಅದನ್ನ ಒಂದು ಸೊನ್ನೆ ಮಾಡಿ ಮುಗಿಸ್ತೀವಿ. ಹೈಸ್ಕೂಲಲ್ಲಿ ಕಂಬನಿ = ಕಣ್ + ಪನಿ ಅಂತ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಅಲ್ಲಿ ‘ಕಣ್’ ಹೇಗೆ ‘ಕಂ’ ಆಯ್ತೋ ಇಲ್ಲಿ ‘ತಣ್’ ಹಾಗೇ ‘ತಂ’ ಆಗಿದೆ. ಸಮಾಸ ಯಾವುದು ಅಂತ ಕೇಳಿದ್ರೆ ಕರ್ಮಧಾರಯ. ತಣ್ಣನೆಯದು ಆದ ಗಾಳಿ.

ಹಾಗಾದ್ರೆ ತಂಗಿ? ಸಂಬಂಧ ಇಲ್ಲ. ‘ಉಳಿದುಕೋ, ನಿಲ್ಲು’ ಅನ್ನೋ ಅರ್ಥದ ತಂಗು? ಅದೂ ಇಲ್ಲ. ನಿಂತ ಗಾಳಿಗೆ ಯಾರೂ ತಂಗಾಳಿ ಅನ್ನಲ್ಲ ಬಿಡಿ.

ತಂಗಳು? ಹೌದು, ಇದೇ ಆ ನಿಜವಾದ ನಂಟು. ತಣ್ + ಕೂಳ್ = ತಂಗೂಳ್, ತಂಗುಳ್, ಬಾಯಲ್ಲಿ ಸವೆದು ಸವೆದು ತಂಗಳು. ಕೂಳು ಅಂದ್ರೆ ಬೇಯಿಸಿದ ಅನ್ನ. ಇವತ್ತು ‘ಕೂಳು’ ಬೈಗುಳದ ಹತ್ತಿರ ಹೋಗಿಬಿಟ್ಟಿದೆ, ಹಿಂದೆ ಅದು ಮರ್ಯಾದೆಯ ಪದ. ರಾತ್ರಿ ಉಳಿದು ತಣ್ಣಗಾದ ಅನ್ನವೇ ತಂಗಳು.

ಅಂದ್ರೆ ಲವ್ ಸಾಂಗಿನ ತಂಗಾಳಿ, ಬೆಳಗ್ಗೆ ಮಜ್ಜಿಗೆ, ಈರುಳ್ಳಿ ಹಾಕ್ಕೊಂಡು ತಿನ್ನೋ ತಂಗಳನ್ನ, ಇಬ್ಬರೂ ಒಡಹುಟ್ಟಿದವರು. ಒಬ್ಬರು ಸಿನಿಮಾಕ್ಕೆ ಹೋದ್ರು, ಇನ್ನೊಬ್ಬರು ಅಡುಗೆಮನೆಯಲ್ಲೇ ಉಳಿದ್ರು.

ಪದದ ಬೆನ್ನು ಹತ್ತಿ | ಭಾಗ 3/10
ತಣ್ಣಗಿರು ಅನ್ನೋ ಆಶೀರ್ವಾದ

‘ತಣ್’ ಒಂಟಿ ಅಲ್ಲ. ದೊಡ್ಡ ಕುಟುಂಬ.

ತಮಿಳಲ್ಲೂ ಇದು ‘ತಣ್’. ಅಲ್ಲಿ ಕುಡಿಯೋ ನೀರಿಗೆ ದಿನಬಳಕೆಯ ಪದವೇ ತಣ್ಣೀರ್. ನೀರು ಅನ್ನೋದರ ಜೊತೆ ತಂಪನ್ನೂ ಸೇರಿಸಿಯೇ ಹೆಸರಿಟ್ಟಿದಾರೆ. ನಮ್ಮಲ್ಲಿ ತಣ್ಣೀರು ಅಂದ್ರೆ ಬಿಸಿಮಾಡದ ನೀರು, ಸ್ನಾನಕ್ಕೆ ಹೋಗುವಾಗ ಹೆದರಿಸೋ ಪದ. ಮಲಯಾಳಂನಲ್ಲಿ ತಣುಪ್ಪು, ತೆಲುಗಿನಲ್ಲಿ ತನುಪು. ಬೇರು ಒಂದೇ.

ಕನ್ನಡದಲ್ಲಿ ಈ ಬೇರಿನಿಂದ ಒಂದು ಕ್ರಿಯಾಪದ ಹುಟ್ಟಿದೆ: ತಣಿ. ಬಾಯಾರಿಕೆ ತಣಿಯುತ್ತೆ, ಕೋಪ ತಣಿಯುತ್ತೆ, ಕಣ್ಣು ತಣಿಯುತ್ತೆ, ಮನಸ್ಸು ತಣಿಯುತ್ತೆ. ಗಮನಿಸಿ, ಇಲ್ಲಿ ತಣಿಯೋದು ಅಂದ್ರೆ ಬರೀ ತಾಪ ಇಳಿಯೋದಲ್ಲ, ತೃಪ್ತಿ ಆಗೋದು. ತಂಪು ಮತ್ತು ತೃಪ್ತಿ ಎರಡಕ್ಕೂ ಒಂದೇ ಪದ.

ಯಾರಿಗಾದ್ರೂ ಊಟ ಹಾಕಿದ್ರೆ, ಕಷ್ಟಕ್ಕೆ ನೆರವಾದ್ರೆ ಅಜ್ಜಿಯರು ಏನಂತ ಹರಸ್ತಾರೆ? “ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪಾ.” ಅದರ ಉಲ್ಟಾ ಏನು? ಹೊಟ್ಟೆಉರಿ. ಹೊಟ್ಟೆ ತಣ್ಣಗಿದ್ರೆ ಆಶೀರ್ವಾದ, ಉರಿದ್ರೆ ಮತ್ಸರ. ತಲೆ ಬಿಸಿ ಅಂದ್ರೆ ಚಿಂತೆ. ಗಲಾಟೆ ಮುಗಿದ್ರೆ ‘ವಿಷಯ ತಣ್ಣಗಾಯ್ತು’.

ಚಳಿದೇಶದ ಭಾಷೆಗಳಲ್ಲಿ ಇದು ತಿರುಗುಮುರುಗು. ಅಲ್ಲಿ ಪ್ರೀತಿ ಬೆಚ್ಚಗಿರುತ್ತೆ, ಬೇಜಾರು ತಣ್ಣಗಿರುತ್ತೆ. ಇಂಗ್ಲಿಷಿನಿಂದ ನೇರವಾಗಿ ಇಳಿಸಿದ ‘ಬೆಚ್ಚನೆಯ ಸ್ವಾಗತ’ ಅನ್ನೋದು ನಮ್ಮ ಕಿವಿಗೆ ಇವತ್ತಿಗೂ ಸ್ವಲ್ಪ ಅನುವಾದದ ವಾಸನೆ ಹೊಡೆಯೋದು ಅದಕ್ಕೇ. ಏಪ್ರಿಲ್ ಮಧ್ಯಾಹ್ನ ಬಾಗಿಲಿಗೆ ಬಂದೋರಿಗೆ ನಾವು ಕೊಡ್ತಿದ್ದಿದ್ದು ಒಂದು ಚೊಂಬು ತಣ್ಣೀರು, ಒಂದು ತುಂಡು ಬೆಲ್ಲ.

ಬಿಸಿಲಿನ ನಾಡಲ್ಲಿ ತಂಪು ಅನ್ನೋದು ಬರೀ ಹವೆಯ ಸ್ಥಿತಿ ಅಲ್ಲ. ಅದು ಒಳ್ಳೆಯದು ಅನ್ನೋದಕ್ಕೇ ಇನ್ನೊಂದು ಹೆಸರು.

ಪದದ ಬೆನ್ನು ಹತ್ತಿ | ಭಾಗ 4/10
ಗಾಳಿಗೆ ಅಷ್ಟೇನೂ ಒಳ್ಳೆ ಹೆಸರಿಲ್ಲ

ಈಗ ಪದದ ಎರಡನೇ ಅರ್ಧ. ಕನ್ನಡ, ತುಳುವಿನಲ್ಲಿ ಗಾಳಿ. ತೆಲುಗಿನಲ್ಲಿ ಗಾಲಿ. ತಮಿಳಲ್ಲಿ ಕಾಟ್ರು, ಹಳೇ ತಮಿಳಲ್ಲಿ ಬರೀ ‘ಕಾಲ್’ ಅಂದ್ರೂ ಗಾಳಿ ಅಂತಲೇ ಅರ್ಥ. ಎಲ್ಲಾ ಒಂದೇ ದ್ರಾವಿಡ ಬೇರಿನ ಕೊಂಬೆಗಳು.

ತಮಾಷೆ ಏನಂದ್ರೆ ಕನ್ನಡದ ನುಡಿಗಟ್ಟುಗಳಲ್ಲಿ ಒಂಟಿ ಗಾಳಿಯನ್ನ ಯಾರೂ ನಂಬೋದೇ ಇಲ್ಲ. ಗಾಳಿಮಾತು ಅಂದ್ರೆ ಆಧಾರ ಇಲ್ಲದ ಸುದ್ದಿ. ಗಾಳಿಗೋಪುರ ಅಂದ್ರೆ ಕೈಗೂಡದ ಕನಸು. ನಿಯಮ ಮುರಿದ್ರೆ ‘ಗಾಳಿಗೆ ತೂರಿದ್ರು’. ಸುಮ್ಮನೆ ಇಲ್ಲದವರ ಜೊತೆ ಜಗಳ ಆಡಿದ್ರೆ ‘ಗಾಳಿ ಗುದ್ದಿ ಮೈ ನೋಯಿಸಿಕೊಂಡ’. ಹಳ್ಳಿ ಕಡೆ ಹುಡುಗ ಮಂಕಾಗಿ ಕೂತ್ರೆ ‘ಏನೋ ಗಾಳಿ ಸೋಕಿದೆ’ ಅಂತಾರೆ, ಅಂದ್ರೆ ದೆವ್ವ. ‘ದೆವ್ವ ಗಾಳಿ’ ಅಂತ ಎರಡನ್ನೂ ಜೋಡಿ ಪದ ಮಾಡಿಟ್ಟಿದೀವಿ. ಮುಂದೆ ‘ಬಿರು’ ಸೇರಿದ್ರೆ ಬಿರುಗಾಳಿ, ಸುತ್ತಿ ಸುಳಿದ್ರೆ ಸುಂಟರಗಾಳಿ. ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ, ಯಾವಾಗ ಬರುತ್ತೋ ಗೊತ್ತಾಗಲ್ಲ. ಅನುಮಾನ ಸಹಜವೇ.

ಹಾಗಂತ ಪೂರ್ತಿ ಶತ್ರುವೂ ಅಲ್ಲ. ಕಣದಲ್ಲಿ ರಾಶಿ ತೂರೋ ರೈತನಿಗೆ ಗಾಳಿ ಬೇಕೇ ಬೇಕು. ಮೊರ ಎತ್ತಿ ಹಿಡಿದು ಸುರಿದಾಗ ಕಾಳು ನೇರ ಕೆಳಗೆ ಬೀಳುತ್ತೆ, ಹೊಟ್ಟು ಹಾರಿ ಆಚೆ ಹೋಗುತ್ತೆ. ‘ಗಾಳಿ ಬಂದಾಗ ತೂರಿಕೋ’ ಅನ್ನೋ ಗಾದೆ ಹುಟ್ಟಿದ್ದು ಕಣದಲ್ಲಿ. ಈಗ ಅದು ಓಡ್ತಿರೋದು ಶೇರ್ ಮಾರ್ಕೆಟ್‌ನಲ್ಲಿ.

ಇನ್ನು ಮನೆ ಬಾಡಿಗೆಗೆ ನೋಡೋಕೆ ಹೋದ್ರೆ ಮೊದಲ ಪ್ರಶ್ನೆ: “ಗಾಳಿ ಬೆಳಕು ಹೇಗಿದೆ?” ಸೆಕೆ ಆದ್ರೆ “ಗಾಳೀನೇ ಆಡ್ತಿಲ್ಲ, ಕಿಟಕಿ ತೆಗಿ”. ಗಾಳಿ ‘ಆಡುತ್ತೆ’ ಅಂತೀವಿ ನೋಡಿ, ಮಗು ಅಂಗಳದಲ್ಲಿ ಆಡಿದ ಹಾಗೆ.

ಇಂಥ ಅನುಮಾನಾಸ್ಪದ ಗಾಳಿಯ ಮುಂದೆ ‘ತಣ್’ ಒಂದು ಸೇರಿಸಿದ ಕೂಡಲೇ ಎಲ್ಲಾ ಮಾಫಿ. ಯಾರಿಗಾದ್ರೂ ‘ತಂಗಾಳಿ ಸೋಕಿದೆ’ ಅಂದ್ರೆ ಮಂತ್ರವಾದಿಯನ್ನ ಕರೆಯೋ ಅಗತ್ಯ ಇಲ್ಲ.

ಪದದ ಬೆನ್ನು ಹತ್ತಿ | ಭಾಗ 5/10
ಎಲರು: ಮರೆಯಾದ ಅಣ್ಣ

ಗಾಳಿಗೆ ಹಳಗನ್ನಡದಲ್ಲಿ ಇನ್ನೊಂದು ಚೆಂದದ ಪದ ಇತ್ತು. ಎಲರ್. ಬಾಯಲ್ಲಿ ಹೇಳಿ ನೋಡಿ, ಎಲರ್. ಎಲೆ ಅಲುಗಿದ ಹಾಗೆ ಕೇಳಿಸುತ್ತೆ, ಅಲ್ವಾ? (ಎಲೆಗೂ ಎಲರಿಗೂ ಸಂಬಂಧ ಕಟ್ಟೋಕೆ ಹೋಗ್ಬೇಡಿ, ನಾನು ಹೇಳಿದ್ದು ಸದ್ದಿನ ವಿಷಯ ಮಾತ್ರ.)

ಹಳಗನ್ನಡ ಕವಿಗಳು ಇದರಿಂದ ಪದ ಕಟ್ಟಿದ್ದು ನೋಡಿದ್ರೆ ಖುಷಿ ಆಗುತ್ತೆ.
ಮೆಲ್ + ಎಲರ್ = ಮೆಲ್ಲೆಲರ್. ಮೆಲ್ಲಗೆ ಬರೋ ಗಾಳಿ.
ತಂಪು + ಎಲರ್ = ತಂಬೆಲರ್. ನಮ್ಮ ತಂಗಾಳಿಯೇ.
ತೆಂಬೆಲರ್ ಅಂದ್ರೆ ತೆಂಕಣ ದಿಕ್ಕಿನ, ಅಂದ್ರೆ ದಕ್ಷಿಣದ ಗಾಳಿ.
ತಂಬೆಲರ್, ತೆಂಬೆಲರ್. ಒಂದೇ ಒಂದು ಎತ್ವದ ವ್ಯತ್ಯಾಸ, ಒಂದು ಹೇಗಿದೆ ಅಂತ ಹೇಳುತ್ತೆ, ಇನ್ನೊಂದು ಎಲ್ಲಿಂದ ಬಂತು ಅಂತ ಹೇಳುತ್ತೆ.

ಈಗ ಹಾವಿನ ವಿಷಯ. ಹಾವು ಗಾಳಿ ಕುಡಿದು ಬದುಕುತ್ತೆ ಅಂತ ಹಿಂದಿನವರ ನಂಬಿಕೆ. ಸಂಸ್ಕೃತದಲ್ಲಿ ಹಾವಿಗೆ ಪವನಾಶನ ಅಂತ ಹೆಸರು, ಪವನವನ್ನ ಉಣ್ಣೋದು. ಕನ್ನಡದವರು ಅದನ್ನ ಎಲರುಣಿ ಅಂದ್ರು. ಎಲರನ್ನ ಉಣ್ಣೋದು ಎಲರುಣಿ. ಜೀವಶಾಸ್ತ್ರದ ಪ್ರಕಾರ ತಪ್ಪು, ಹಾವು ಇಲಿ, ಕಪ್ಪೆ ತಿನ್ನುತ್ತೆ. ಆದ್ರೆ ಪದ ಮಾತ್ರ ಸೂಪರ್.

ಹೀಗೆ ಕನ್ನಡದ ಬೇರಿನಿಂದಲೇ ಪದ ಕಟ್ಟೋದನ್ನ ಹಠಕ್ಕೆ ಬಿದ್ದು ಮಾಡಿದವನು 13ನೇ ಶತಮಾನದ ಆಂಡಯ್ಯ. ಅವನ ‘ಕಬ್ಬಿಗರ ಕಾವ’ದಲ್ಲಿ ಸಂಸ್ಕೃತದ ಪದಗಳನ್ನ ಹಾಗೇ ತಂದು ಇಡೋದಿಲ್ಲ. ಅಚ್ಚಗನ್ನಡ ಅಥವಾ ಕನ್ನಡದ ಬಾಯಿಗೆ ಪಳಗಿದ ತದ್ಭವ, ಇಷ್ಟರಲ್ಲೇ ಪೂರ್ತಿ ಕಾವ್ಯ ಬರೆದುಬಿಟ್ಟ.

ಎಲರು ಇವತ್ತು ಮಾತಿನಲ್ಲಿ ಇಲ್ಲ. ಹೊಸಗನ್ನಡ ಕವಿತೆಗಳಲ್ಲಿ ‘ತಂಬೆಲರು’ ಆಗಿ ಆಗಾಗ ಇಣುಕುತ್ತೆ. ಗಾಳಿ ಮಾತ್ರ ಕಣದಲ್ಲೂ ಬದುಕಿತು, ಪಂಕ್ಚರ್ ಶಾಪಿನಲ್ಲೂ ಬದುಕಿತು. “ಅಣ್ಣ, ಹಿಂದಿನ ಟೈರಿಗೆ ಎಲರು ಹಾಕಿ” ಅಂತ ಒಮ್ಮೆ ಟ್ರೈ ಮಾಡಿ ನೋಡಿ, ರಿಯಾಕ್ಷನ್ ನನಗೂ ಕಳಿಸಿ.

ಪದದ ಬೆನ್ನು ಹತ್ತಿ | ಭಾಗ 6/10
ಯಾವ ದಿಕ್ಕಿನಿಂದ ಬಂತು?

ನಮ್ಮ ದಿಕ್ಕುಗಳು ಮೂಡಣ, ಪಡುವಣ, ತೆಂಕಣ, ಬಡಗಣ. ಯಕ್ಷಗಾನ ನೋಡೋರಿಗೆ ತೆಂಕುತಿಟ್ಟು, ಬಡಗುತಿಟ್ಟು ಗೊತ್ತೇ ಇದೆ.

ತಮಿಳರು ಗಾಳಿಗೆ ದಿಕ್ಕಿನ ಲೆಕ್ಕದಲ್ಲೇ ನಾಲ್ಕು ಹೆಸರಿಟ್ಟರು. ದಕ್ಷಿಣದ್ದು ತೆನ್ರಲ್. ಉತ್ತರದ್ದು ವಾಡೈ. ಮೂಡಣದ್ದು ಕೊಂಡಲ್. ಪಡುವಣದ್ದು ಕೋಡೈ. ಇದರಲ್ಲಿ ತೆನ್ರಲ್ ಅಂದ್ರೆ ಹಿತವಾದ ಗಾಳಿ, ನಮ್ಮ ತಂಗಾಳಿಗೆ ಸರಿಸಮ. ವಾಡೈ ಅಂದ್ರೆ ಕೊರೆಯೋ ಚಳಿಗಾಳಿ, ದೂರ ಹೋದ ಗಂಡನಿಗೆ ಕಾಯ್ತಿರೋ ಹೆಣ್ಣಿನ ಸಂಕಟದ ಗಾಳಿ. ತೆನ್ರಲ್‌ನ ‘ತೆನ್’ ಮತ್ತು ನಮ್ಮ ತೆಂಕಣದ ‘ತೆಂ’ ಒಂದೇ. ಅಂದ್ರೆ ತಮಿಳರಿಗೆ ಹಿತವಾದ ಗಾಳಿ ಅನ್ನೋದಕ್ಕೂ ದಕ್ಷಿಣದ ಗಾಳಿ ಅನ್ನೋದಕ್ಕೂ ಪದ ಒಂದೇ ಆಯ್ತು. ತೆಲುಗರದ್ದು ಇನ್ನೂ ಮುದ್ದು. ಅವರು ಪಿಲ್ಲಗಾಲಿ ಅಂತಾರೆ, ಮರಿಗಾಳಿ ಅಂದ್ಕೊಳ್ಳಿ.

ಕನ್ನಡದಲ್ಲಿ ತೆಂಕಣ ಗಾಳಿಗೆ ಅಮರತ್ವ ಕೊಟ್ಟವನು ಪಂಪ. ಕ್ರಿ.ಶ. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬನವಾಸಿಯ ವರ್ಣನೆ ಬರುತ್ತೆ. ಯಾವ್ಯಾವುದು ಎದುರಾದ್ರೆ ಆ ನಾಡು ನೆನಪಾಗುತ್ತೆ ಅಂತ ಒಂದು ಪಟ್ಟಿ ಮಾಡ್ತಾನೆ. ಒಳ್ಳೇ ಮಾತು, ಇಂಪಾದ ಹಾಡು, ಅರಳಿದ ಮಲ್ಲಿಗೆ... ಆದ್ರೆ ಪಟ್ಟಿಯಲ್ಲಿ ಮೊದಲನೇದು ಯಾವುದು ಗೊತ್ತಾ? ತೆಂಕಣ ಗಾಳಿ ಮೈಗೆ ಸೋಕೋದು.

ಈಗ ಮ್ಯಾಪ್ ತೆಗೆದು ನೋಡಿ. ಪಂಪ ಇದ್ದಿದ್ದು ಅರಿಕೇಸರಿಯ ಆಸ್ಥಾನದಲ್ಲಿ, ವೇಮುಲವಾಡದಲ್ಲಿ. ಈಗಿನ ತೆಲಂಗಾಣ. ಅಲ್ಲಿಂದ ಬನವಾಸಿ ಇರೋದು ತೆಂಕಣ-ಪಡುವಣದ ಮೂಲೆಗೆ. ಅಂದ್ರೆ ವೇಮುಲವಾಡದಲ್ಲಿ ನಿಂತವನಿಗೆ ತೆಂಕಣ ಗಾಳಿ ಬನವಾಸಿಯ ಕಡೆಯಿಂದ ಬಂದ ಗಾಳಿ. ಅದು ತಂಪಾಗಿದೆಯೋ ಇಲ್ಲವೋ ಆಮೇಲಿನ ಮಾತು. ಅದು ಬಂದ ದಾರಿಯೇ ಮುಖ್ಯ.

ಹಾಸ್ಟೆಲ್‌ನಲ್ಲಿ ಇರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮೂರ ಕಡೆ ಬಸ್ಸಿನ ಬೋರ್ಡ್ ಕಂಡ್ರೂ ಒಂದು ಕ್ಷಣ ನಿಂತು ನೋಡ್ತೀವಿ. ಸಾವಿರ ವರ್ಷದ ಹಿಂದಿನ ಕವಿಗೆ ಬಸ್ ಬೋರ್ಡ್ ಇರಲಿಲ್ಲ, ಗಾಳಿ ಇತ್ತು.

ಪದದ ಬೆನ್ನು ಹತ್ತಿ | ಭಾಗ 7/10
ನಮ್ಮದೇ ಮಲೆ, ಸುತ್ತು ಹೊಡೆದು ಬಂತು

ಸಂಸ್ಕೃತದಿಂದ ಬಂದ ಹೆಸರುಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಮಂದಾನಿಲ, ಮಂದಮಾರುತ. ಮಂದ ಅಂದ್ರೆ ನಿಧಾನ. ಇಲ್ಲಿ ನೋಡಿರೋದು ವೇಗವನ್ನ.

ಒಳ್ಳೇ ಗಾಳಿಗೆ ಸಂಸ್ಕೃತ ಕಾವ್ಯದವರು ಮೂರು ಗುಣ ಹೇಳಿದ್ರು. ಶೈತ್ಯ, ಮಾಂದ್ಯ, ಸೌರಭ್ಯ. ತಂಪಿರಬೇಕು, ನಿಧಾನ ಇರಬೇಕು, ಘಮಘಮ ಅನ್ನಬೇಕು. ಮೂರರಲ್ಲಿ ಮೂರೂ ಅಂಕ ತಗೊಂಡಿದ್ದು ಮಲಯಾನಿಲ, ಅಂದ್ರೆ ಮಲಯಪರ್ವತದ ಗಾಳಿ. ಆ ಮಲಯ ಇರೋದು ಪಶ್ಚಿಮ ಘಟ್ಟದ ದಕ್ಷಿಣ ತುದಿಯಲ್ಲಿ, ಗಂಧದ ಮರಗಳ ಬೆಟ್ಟ ಅಂತ ಪ್ರಸಿದ್ಧಿ. ಮನ್ಮಥನಿಗೆ ಕಬ್ಬಿನ ಬಿಲ್ಲು, ಹೂವಿನ ಬಾಣ, ಓಡಾಡೋಕೆ ಮಲಯ ಮಾರುತವೇ ರಥ.

ಆದ್ರೆ ‘ಮಲಯ’ ಅನ್ನೋ ಪದ ಎಲ್ಲಿಯದು? ಕನ್ನಡದಲ್ಲಿ ಮಲೆ, ತಮಿಳಲ್ಲಿ ಮಲೈ. ಮಲೆನಾಡಿನ ಮಲೆ! ದ್ರಾವಿಡ ಭಾಷೆಗಳ ಬೆಟ್ಟ ಸಂಸ್ಕೃತಕ್ಕೆ ಹೋಗಿ ಮಲಯ ಆಯ್ತು, ಅನಿಲನ ಜೊತೆ ಸೇರಿ ಸಂಸ್ಕೃತದ ವೇಷದಲ್ಲಿ ನಮ್ಮ ಮನೆಗೇ ವಾಪಸ್ ಬಂತು. ನಾವು ರಫ್ತು ಮಾಡಿದ ಕಚ್ಚಾ ಸರಕು ಫಿನಿಶ್ಡ್ ಗೂಡ್ ಆಗಿ ಆಮದಾದ ಹಾಗೆ. ಕರ್ನಾಟಕ ಸಂಗೀತದಲ್ಲಿ ಮಲಯಮಾರುತ ಅಂತ ರಾಗವೇ ಇದೆ, 16ನೇ ಮೇಳಕರ್ತ ಚಕ್ರವಾಕದ ಜನ್ಯ, ಬೆಳಗಿನ ರಾಗ. ವಿಷ್ಣುವರ್ಧನ್ ಅವರ 1986ರ ‘ಮಲಯ ಮಾರುತ’ ಸಿನಿಮಾ ನಿಮ್ಮ ಅಪ್ಪ ಅಮ್ಮನಿಗೆ ಗೊತ್ತಿರುತ್ತೆ, ಕೇಳಿ.

ಇನ್ನೊಂದು ಮಜಾ. 9ನೇ ಶತಮಾನದ ‘ಕವಿರಾಜಮಾರ್ಗ’ದಿಂದ ಹಿಡಿದು 13ನೇ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದವರೆಗೆ ಸಂಸ್ಕೃತ-ಕನ್ನಡ ಪದ ಬೆಸೆದು ಸಮಾಸ ಮಾಡೋದರ ಬಗ್ಗೆ ಎಚ್ಚರಿಕೆ ಇದೆ. ಅದಕ್ಕೆ ಅರಿಸಮಾಸ ಅಂತ ಹೆಸರು. ಅರಿ ಅಂದ್ರೆ ಶತ್ರು. ಆ ಲೆಕ್ಕದಲ್ಲಿ ತಂಗಾಳಿ ಪಾಸ್, ಎರಡೂ ಕನ್ನಡ. ಮಂದಾನಿಲ ಪಾಸ್, ಎರಡೂ ಸಂಸ್ಕೃತ. ಪೇಪರ್‌ನಲ್ಲಿ ಡಿಸೆಂಬರ್ ಬಂದ್ರೆ ಕಾಣೋ ‘ಶೀತಗಾಳಿ’ ಮಾತ್ರ ಫೇಲ್. ಆದ್ರೂ ಎಲ್ಲರಿಗೂ ಅರ್ಥ ಆಗುತ್ತೆ, ಬದುಕಿದೆ. ಬದುಕೋ ಪದಕ್ಕೆ ವ್ಯಾಕರಣದ ಪರ್ಮಿಷನ್ ಬೇಕಿಲ್ಲ.

ಪದದ ಬೆನ್ನು ಹತ್ತಿ | ಭಾಗ 8/10
ಹವಾ, ಬ್ರೀಜ್, ಮತ್ತೆ ನಮ್ಮ ವಾಣಿಜ್ಯ

“ಏನ್ ಹವಾ ಗುರು ಅವಂದು!” ಈ ಹವಾ ಅರಬ್ಬಿಯಿಂದ ಬಂದಿದ್ದು, ಅರ್ಥ ಗಾಳಿ. ಅರಬ್ಬಿಯ ಹವಾ, ಸಂಸ್ಕೃತದ ಮಾನ, ಎರಡನ್ನೂ ಸೇರಿಸಿ ನಾವು ಹವಾಮಾನ ಮಾಡ್ಕೊಂಡ್ವಿ. ಕೇಶಿರಾಜ ಇದ್ದಿದ್ರೆ ಇದಕ್ಕೆ ಏನು ಹೆಸರಿಡ್ತಿದ್ದನೋ. ಕಾಮರ್ಸ್‌ನವರಿಗೆ ಒಂದು ಎಚ್ಚರಿಕೆ: ಹವಾಲಾ ಈ ಹವಾದಿಂದ ಬಂದಿದ್ದಲ್ಲ. ಅದು ‘ವರ್ಗಾವಣೆ’ ಅನ್ನೋ ಅರ್ಥದ ಬೇರೆಯೇ ಅರಬ್ಬಿ ಪದ. ದುಡ್ಡು ಗಾಳಿಯಲ್ಲಿ ಮಾಯ ಆಗೋದು ಕಾಕತಾಳೀಯ.

ಇಂಗ್ಲಿಷಿನ ಬ್ರೀಜ್ ಕಥೆ ಇನ್ನೂ ಚೆನ್ನಾಗಿದೆ. ಅದು 16ನೇ ಶತಮಾನದಲ್ಲಿ ಸ್ಪ್ಯಾನಿಷ್, ಪೋರ್ಚುಗೀಸ್ ನಾವಿಕರ ‘ಬ್ರಿಸಾ’ದಿಂದ ಇಂಗ್ಲಿಷಿಗೆ ಬಂತು. ಬ್ರಿಸಾ ಅಂದ್ರೆ ಆಗ ಹಿತವಾದ ಗಾಳಿ ಅಲ್ಲ, ಈಶಾನ್ಯ ದಿಕ್ಕಿನ ಗಾಳಿ. ಅಟ್ಲಾಂಟಿಕ್ ದಾಟೋ ಹಡಗುಗಳನ್ನ ಒಂದೇ ಸಮನೆ ತಳ್ಳಿಕೊಂಡು ಹೋಗ್ತಿದ್ದ ಗಾಳಿ. ಬಿಸಿಲಿನ ದ್ವೀಪಗಳ ತೀರದಲ್ಲಿ ಸಮುದ್ರದಿಂದ ಬರೋ ತಂಪುಗಾಳಿಗೂ ಆ ಹೆಸರು ಅಂಟಿಕೊಂಡು, ಕೊನೆಗೆ ಯಾವ ದಿಕ್ಕಿನದಾದ್ರೂ ಹಗುರವಾದ ಗಾಳಿ ಬ್ರೀಜ್ ಆಯ್ತು.

ಆ ಈಶಾನ್ಯ ಗಾಳಿಯನ್ನೇ ಇಂಗ್ಲಿಷಿನವರು ‘ಟ್ರೇಡ್ ವಿಂಡ್’ ಅಂದ್ರು. ನಮ್ಮ ಭೂಗೋಳದ ಪುಸ್ತಕದಲ್ಲಿ ವಾಣಿಜ್ಯ ಮಾರುತಗಳು ಅಂತ ಓದಿದ್ದೀವಿ. ನಿಜ ಏನಂದ್ರೆ ಈ ಹೆಸರಿಗೂ ವ್ಯಾಪಾರಕ್ಕೂ ಹುಟ್ಟಿನಲ್ಲಿ ಸಂಬಂಧ ಇಲ್ಲ. ‘ಟ್ರೇಡ್’ ಪದದ ಹಳೇ ಅರ್ಥ ದಾರಿ, ಜಾಡು. ಹಿಡಿದ ಜಾಡು ಬಿಡದೆ ಬೀಸೋ ಗಾಳಿ ಟ್ರೇಡ್ ವಿಂಡ್. ಒಂದೇ ಜಾಡಿನಲ್ಲಿ ನಡೆಯೋ ಕಸುಬಿಗೆ, ಆಮೇಲೆ ವ್ಯಾಪಾರಕ್ಕೆ ಆ ಪದ ಹೋಗಿದ್ದು. ನಾವು ಅನುವಾದ ಮಾಡೋ ಹೊತ್ತಿಗೆ ದಾರಿ ಅಳಿಸಿ ಹೋಗಿ ವಾಣಿಜ್ಯ ಮಾತ್ರ ಉಳಿದಿತ್ತು. ಆ ಗಾಳಿಯ ಮೇಲೆ ಹಡಗು ಬಿಟ್ಟು ವ್ಯಾಪಾರಿಗಳು ದುಡ್ಡು ಮಾಡಿದ್ದೂ ನಿಜವೇ ಆದ್ದರಿಂದ, ತಪ್ಪು ಹೆಸರು ಸರಿಯಾಗಿ ಹೊಂದಿಕೊಂಡಿತು.

ಪದದ ಬೆನ್ನು ಹತ್ತಿ | ಭಾಗ 9/10
ಅಳತೆಪಟ್ಟಿ ಇಟ್ಟು ನೋಡಿದ್ರೆ

1805ರಲ್ಲಿ ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫೋರ್ಟ್ ಗಾಳಿಗೆ ಅಳತೆಪಟ್ಟಿ ಮಾಡಿದ. 0ಯಿಂದ 12ರವರೆಗೆ. 0 ಅಂದ್ರೆ ನಿಶ್ಚಲ, ಹೊಗೆ ನೆಟ್ಟಗೆ ಮೇಲೇರುತ್ತೆ. 12 ಅಂದ್ರೆ ಚಂಡಮಾರುತ. ಇದರಲ್ಲಿ 2ರಿಂದ 6ರವರೆಗಿನ ಐದು ಮೆಟ್ಟಿಲಿಗೂ ಬ್ರೀಜ್ ಅಂತಲೇ ಹೆಸರು. ಎರಡನೇ ಮೆಟ್ಟಿಲಲ್ಲಿ ಮುಖಕ್ಕೆ ಗಾಳಿ ತಾಗಿದ್ದು ಗೊತ್ತಾಗುತ್ತೆ, ಎಲೆ ಸರಸರ ಅನ್ನುತ್ತೆ. ವೇಗ ಗಂಟೆಗೆ 6ರಿಂದ 11 ಕಿಲೋಮೀಟರ್. ಮೂರನೇದರಲ್ಲಿ 12ರಿಂದ 19, ಎಲೆ ಮತ್ತು ಸಣ್ಣ ರೆಂಬೆ ಅಲುಗ್ತಾನೇ ಇರುತ್ತೆ. ಆರನೇ ಮೆಟ್ಟಿಲಿಗೆ ಬಂದ್ರೆ ಛತ್ರಿ ಹಿಡಿಯೋದೇ ಕಷ್ಟ, ಅದೂ ಇಂಗ್ಲಿಷಿನ ಲೆಕ್ಕದಲ್ಲಿ ಬ್ರೀಜೇ.

ಕನ್ನಡದವರು ಮೆಟ್ಟಿಲು ಕಟ್ಟಲಿಲ್ಲ, ಕ್ರಿಯಾಪದ ಇಟ್ರು. ಜೋರು ಗಾಳಿ ಬೀಸುತ್ತೆ. ತಂಗಾಳಿ ಸುಳಿಯುತ್ತೆ. ತಂಗಾಳಿ ತೀಡುತ್ತೆ. ಈ ತೀಡು ಯಾವುದು ಗೊತ್ತಾ? ಕಣ್ಣಿಗೆ ಕಾಡಿಗೆ ತೀಡೋದು, ಮೀಸೆ ತೀಡೋದು. ಮೆಲ್ಲಗೆ ಒತ್ತಿ ಸವರೋದು. ಬೆರಳು ಮಾಡೋ ಕೆಲಸವನ್ನ ಗಾಳಿಗೆ ಕೊಟ್ಟಿದಾರೆ. ಕಿಲೋಮೀಟರ್ ಹೇಳದೆಯೇ ವೇಗ ಗೊತ್ತಾಯ್ತಲ್ಲ!

ಈಗ ಇಲ್ಲಿಯವರೆಗಿನ ಪದಗಳನ್ನ ಸಾಲಾಗಿ ಜೋಡಿಸಿ.
ಬ್ರೀಜ್: ದಿಕ್ಕಿನಿಂದ ಶುರುವಾಗಿ ಈಗ ವೇಗ ನೋಡುತ್ತೆ.
ಮಂದಾನಿಲ: ವೇಗ.
ತೆನ್ರಲ್, ತೆಂಬೆಲರ್: ದಿಕ್ಕು.
ಪಿಲ್ಲಗಾಲಿ: ಗಾತ್ರ.
ತಂಗಾಳಿ: ತಾಪ.

ಸಂಜೆ ನಿಮ್ಮ ಮುಖಕ್ಕೆ ತಾಗೋ ಗಾಳಿ ಒಂದೇ. ಒಬ್ಬೊಬ್ಬರು ಅದರಲ್ಲಿ ಒಂದೊಂದು ಗುಣ ಹಿಡಿದು ಹೆಸರಿಟ್ಟಿದಾರೆ. ನಮ್ಮವರು ಕೇಳಿದ್ದು ಎಷ್ಟು ಜೋರು ಅಂತಲೂ ಅಲ್ಲ, ಎಲ್ಲಿಂದ ಅಂತಲೂ ಅಲ್ಲ. ತಂಪು ಇದೆಯಾ, ಅಷ್ಟೇ.

ಇದರಿಂದ ಒಂದು ಪರಿಣಾಮ ಇದೆ. ಇಂಗ್ಲಿಷಿನಲ್ಲಿ ಬ್ರೀಜ್ ಬಿಸಿಯಾಗಿಯೂ ಇರಬಹುದು, ವ್ಯಾಕರಣಕ್ಕೆ ಏನೂ ಆಗಲ್ಲ. ಕನ್ನಡದಲ್ಲಿ ‘ಬಿಸಿ ತಂಗಾಳಿ’ ಅಂತ ಹೇಳಿ ನೋಡೋಣ. ಆಗಲ್ಲ. ಗಂಟೆಗೆ 12 ಕಿಲೋಮೀಟರ್ ವೇಗದ ಗಾಳಿ 24 ಡಿಗ್ರಿಯಲ್ಲಿ ತಂಗಾಳಿ. ಅದೇ ವೇಗದ ಗಾಳಿ 40 ಡಿಗ್ರಿಯಲ್ಲಿ ಬಿಸಿಗಾಳಿ. ತಾಪ ಏರಿದ್ರೆ ಬ್ರೀಜ್ ಉಳಿಯುತ್ತೆ, ತಂಗಾಳಿ ಉಳಿಯಲ್ಲ.

ಪದದ ಬೆನ್ನು ಹತ್ತಿ | ಭಾಗ 10/10
ಗಾಳಿ ಫ್ರೀ. ತಂಗಾಳಿ?

ಫಸ್ಟ್ ಇಯರ್ ಎಕನಾಮಿಕ್ಸ್‌ನಲ್ಲಿ ‘ಉಚಿತ ಸರಕು’ ಅಂತ ಒಂದು ಪಾಠ ಇರುತ್ತೆ. ಬೇಡಿಕೆಗಿಂತ ಜಾಸ್ತಿ ಸಿಗೋದು, ಅದಕ್ಕೇ ಬೆಲೆ ಇಲ್ಲದ್ದು. ಉದಾಹರಣೆ ಬರೆಯಿರಿ ಅಂದ್ರೆ ಎಲ್ಲರೂ ಬರೆಯೋದು ಒಂದೇ: ಗಾಳಿ. ಎರಡು ಮಾರ್ಕ್ಸ್ ಗ್ಯಾರಂಟಿ.

ಈಗ ಅದೇ ಪ್ರಶ್ನೆಯನ್ನ ತಂಗಾಳಿ ಬಗ್ಗೆ ಕೇಳಿ.

ಬೆಂಗಳೂರನ್ನ ಹವಾಮಾನಕ್ಕೇ ಹೊಗಳ್ತಿದ್ರು. ಆ ಊರಲ್ಲಿ 2016ರ ಏಪ್ರಿಲ್‌ನಲ್ಲಿ ಉಷ್ಣಾಂಶ 39.2 ಡಿಗ್ರಿ ಮುಟ್ಟಿತು. 2024ರ ಏಪ್ರಿಲ್‌ನಲ್ಲಿ ಮತ್ತೆ 38.5. ಬಯಲು ಸೀಮೆಯಲ್ಲಿ ಗರಿಷ್ಠ ತಾಪ ಕನಿಷ್ಠ 40 ಡಿಗ್ರಿ ಆದರಷ್ಟೇ ಹವಾಮಾನ ಇಲಾಖೆ ಬಿಸಿಗಾಳಿ ಘೋಷಿಸೋ ಬಗ್ಗೆ ನೋಡುತ್ತೆ, ಕರಾವಳಿಯಲ್ಲಿ 37, ಬೆಟ್ಟದ ಮೇಲೆ 30. ಕಲಬುರಗಿ, ರಾಯಚೂರಿನ ಫ್ರೆಂಡ್ಸ್ ಈ ನಂಬರ್ ನೋಡಿ ನಗ್ತಾರೆ ಬಿಡಿ, ಅವರ ಮೇ ತಿಂಗಳು ಶುರುವಾಗೋದೇ ಅಲ್ಲಿಂದ. ಮೈಯ ಚರ್ಮದ ತಾಪಕ್ಕಿಂತ ಹೊರಗಿನ ತಾಪ ಜಾಸ್ತಿ ಆದ್ರೆ ಫ್ಯಾನ್ ಹಾಕಿದ್ರೂ ಬರೋದು ಕಾದ ಗಾಳಿಯೇ.

ಆಗ ತಂಗಾಳಿಯನ್ನ ಕೊಂಡ್ಕೋಬೇಕು. ಎರಡು ಕಡೆ ಕಿಟಕಿ ಇರೋ ಮನೆಗೆ ಬಾಡಿಗೆ ಜಾಸ್ತಿ. ‘ಬ್ರೀಜ್’ ಅಂತ ಹೆಸರಿಟ್ಟ ಅಪಾರ್ಟ್‌ಮೆಂಟಿಗೆ ಇನ್ನೂ ಜಾಸ್ತಿ. ಏಸಿಗೆ ಇಎಂಐ, ಮೇಲೆ ಕರೆಂಟ್ ಬಿಲ್. ಏಸಿ ಮೇಲಿನ ಜಿಎಸ್‌ಟಿ 28 ಪರ್ಸೆಂಟ್ ಇದ್ದಿದ್ದನ್ನ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಸಿದ್ರು. ತೆರಿಗೆ ಬೀಳುತ್ತೆ ಅಂದ್ರೆ ಅದು ಉಚಿತ ಸರಕಿನ ಪಟ್ಟಿಯಿಂದ ಆಚೆ ಬಂತು ಅಂತಲೇ ಅರ್ಥ. ಇನ್ನು ಏಸಿ ಒಳಗಿನ ಬಿಸಿಯನ್ನ ಮಾಯ ಮಾಡಲ್ಲ, ಎತ್ತಿ ಹೊರಗೆ ಹಾಕುತ್ತೆ. ಒಳಗೆ ಕೂತವನಿಗೆ ತಂಗಾಳಿ, ಅದರ ಔಟ್‌ಡೋರ್ ಯೂನಿಟ್ ಕೆಳಗೆ ತಳ್ಳುಗಾಡಿ ಇಟ್ಕೊಂಡು ನಿಂತವನಿಗೆ ಬಿಸಿಗಾಳಿ. ನಮ್ಮ ಭಾಷೆಯಲ್ಲಿ ಇವರಿಬ್ಬರಿಗೆ ಸಿಕ್ಕಿದ್ದು ಬೇರೆ ಬೇರೆ ಪದ, ಗಮನಿಸಿ.

ತಂಪು ಅಂದ್ರೆ ಒಳ್ಳೆಯದು, ತಣಿಯೋದು ಅಂದ್ರೆ ತೃಪ್ತಿ, ಹೊಟ್ಟೆ ತಣ್ಣಗಿರಲಿ ಅಂದ್ರೆ ಆಶೀರ್ವಾದ ಅಂತ ಲೆಕ್ಕ ಬರೆದಿಟ್ಟ ಜನ ನಾವು. ಹಾಗಿದ್ದ ಮೇಲೆ ರಸ್ತೆ ಅಗಲ ಮಾಡೋಕೆ ಒಂದು ಹೊಂಗೆ ಮರ ಕಡಿದಾಗ, ಒಂದು ಕೆರೆ ಮುಚ್ಚಿದಾಗ ಹೋಗೋದು ಬರೀ ನೆರಳು, ನೀರು ಅಲ್ಲ. ಆ ಬೀದಿಯ ಮಟ್ಟಿಗೆ ಒಂದು ಪದಕ್ಕೆ ಅರ್ಥವೇ ಹೋಗುತ್ತೆ. ಎಲರು ಅನ್ನೋ ಪದ ಹೋಯ್ತು, ಗಾಳಿ ಉಳಿಯಿತು. ತಂಗಾಳಿಯ ವಿಷಯದಲ್ಲಿ ಉಲ್ಟಾ ಆಗಬಾರದು, ಪದ ಹಾಡಿನಲ್ಲಿ ಉಳಿದು ಗಾಳಿ ಹೋಗಬಾರದು.

ನಿಮ್ಮ ಊರಲ್ಲಿ, ನಿಮ್ಮ ಬೀದಿಯಲ್ಲಿ ಇವತ್ತಿಗೂ ದುಡ್ಡು ಕೊಡದೆ ತಂಗಾಳಿ ಸಿಗೋ ಜಾಗ ಯಾವುದು? ಅರಳಿಕಟ್ಟೆ, ಕೆರೆ ಏರಿ, ದೇವಸ್ಥಾನದ ಜಗುಲಿ, ಕಾಲೇಜಿನ ಹಿಂದಿನ ಮೆಟ್ಟಿಲು, ಯಾವುದಾದ್ರೂ ಸರಿ. ಫೋಟೋ ತೆಗೆದು ಹಾಕಿ, ಟ್ಯಾಗ್ ಮಾಡಿ. ಅಲ್ಲಿ ಯಾವ ಮರ ಇದೆ ಅಂತಲೂ ಬರೀರಿ.

ಮುಂದಿನ ಸರಣಿಯ ಪದ: ಮುಂಗಾರು.

#ಪದದಬೆನ್ನುಹತ್ತಿ #ತಂಗಾಳಿ #ಕನ್ನಡ #ಎಲರು #ಪದಕಥೆ